ಎದ್ದು ಬಂದವರ ಕುರ್ಚಿ

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಹಳೆಯ ಅಂಗಿಯೊಂದರ ಕಾಲರ್ ತಿರುವಿ ಹೊಲಿಯುತ್ತಿದ್ದಳು. ಪಕ್ಕದ ಮಂಚದಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡುತ್ತ ತಮ್ಮ ಮಲಗಿದ್ದ. ನಗರಸಭೆಯಿಂದ ವಿರೋಧ ಪಕ್ಷದ ಸದಸ್ಯರೆಲ್ಲ ಕೂಗುತ್ತ ಹೊರಬರುವ ವಿಡಿಯೊ ಅದು. ಮುಂದಿನ ಸಾಲಿನಲ್ಲಿ ಮುಷ್ಟಿ ಎತ್ತಿದವಳು ಅಕ್ಕನೇ.

"ಚೆನ್ನಾಗಿ ಬಂದಿದ್ದೀಯ," ಎಂದ ತಮ್ಮ. "ನಿನಗಿಂತ ಬಾಗಿಲು ಇನ್ನೂ ಚೆನ್ನಾಗಿ ಬಂದಿದೆ."

"ಹೊಗಳೋದಾದ್ರೆ ನೆಟ್ಟಗೆ ಹೊಗಳು."

"ಯಾರು ಹೊಗಳಿದ್ರು? ಕೆಳಗಡೆ ಬೆರಳಗಲದ ಸುದ್ದಿ ಇದೆ, ಓದ್ತೀನಿ ಕೇಳು. 'ಡಯಾಲಿಸಿಸ್ ವಿಭಾಗವನ್ನು ಹೆದ್ದಾರಿ ಬದಿಯ ಹೊಸ ಕಟ್ಟಡಕ್ಕೆ ಸ್ಥಳಾಂತರಿಸುವ ನಿರ್ಣಯಕ್ಕೆ ಸರ್ವಾನುಮತದ ಒಪ್ಪಿಗೆ.' ಸರ್ವಾನುಮತ ಅಂತೆ! ನೀನೂ ಸೇರಿದ್ದೀಯಾ ಅದರಲ್ಲಿ?"

ಯಂತ್ರ ನಿಂತಿತು.

ತಮ್ಮ ಬಸ್ ಕಂಡಕ್ಟರ್ ಆಗಿದ್ದವನು. ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ನಗರಸಭೆಯ ಆಸ್ಪತ್ರೆಯಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುತ್ತಿದ್ದ. ಆಸ್ಪತ್ರೆ ಬೀದಿಯ ಕೊನೆಗೇ ಇತ್ತು; ನಡೆದೇ ಹೋಗುತ್ತಿದ್ದ, ಬರುವಾಗ ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ. ಹೆದ್ದಾರಿಗಾದರೆ ಎರಡು ಬಸ್ಸು ಬದಲಿಸಬೇಕು. ಆ ಬಸ್ಸುಗಳು ಹೇಗೆ ಬರುತ್ತವೆ, ಹೇಗೆ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಮ್ಮ ನಾಯಕರಿಗೆ ಮಾತಾಡೋಕೆ ಬಿಡಲಿಲ್ಲ ಕಣೋ. ಅದಕ್ಕೇ ಸಭಾತ್ಯಾಗ ಮಾಡಿದ್ವಿ." ಹೇಳುವಾಗಲೇ ಮಾತು ಬಾಯಲ್ಲಿ ಸಪ್ಪೆಯಾಯಿತು.

"ನಿಮ್ಮ ಗುಡುಗಿಗೆ ಸಿಟ್ಟು ಬಂತು ಅಂತ ನನ್ನನ್ನ ಹೆದ್ದಾರಿಗೆ ಕಳಿಸಿದ್ರಾ?" ವಿರೋಧ ಪಕ್ಷದ ನಾಯಕರಿಗೆ ಊರೇ ಇಟ್ಟ ಹೆಸರು ಗುಡುಗು. "ಅರ್ಧ ದಾರೀಲಿ ತಾವೇ ಇಳಿದು, ಬಸ್ಸು ದಾರಿ ತಪ್ಪಿತು ಅಂತ ಕೂಗೋ ಪ್ರಯಾಣಿಕರನ್ನ ನನ್ನ ಸರ್ವಿಸಲ್ಲೇ ನೋಡಿರಲಿಲ್ಲ!"

ಅವನು ಗೋಡೆಯ ಕಡೆ ಹೊರಳಿದ. ಅವಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

ಮರುದಿನ ಅವನ ಜೊತೆ ಅವಳೂ ಆಸ್ಪತ್ರೆಗೆ ಹೋದಳು. ಎದುರಿನ ಹಾಸಿಗೆಯಲ್ಲಿ ಬೇಕರಿಯವನ ತಾಯಿ ಮಲಗಿದ್ದರು. ಪಕ್ಕದಲ್ಲಿ ನಿಂತಿದ್ದ ಬೇಕರಿಯವನು ನಗರಸಭೆಯಲ್ಲಿ ಆಳುವ ಪಕ್ಷದ ಸದಸ್ಯ. ಅವಳನ್ನು ಕಂಡು ತಾಯಿಯ ಹೊದಿಕೆ ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು.

"ನಿಮ್ಮದೇ ನಿರ್ಣಯ ಅಲ್ವಾ? ನಿಮ್ಮಮ್ಮನೂ ಎರಡು ಬಸ್ಸು ಹತ್ತಲಿ ಬಿಡಿ," ಎಂದಳು.

ಅವನು ಸುತ್ತ ನೋಡಿ ಅವಳನ್ನು ಮೊಗಸಾಲೆಗೆ ಕರೆದ. "ನಾನು ಅವತ್ತು ಬಂದೇ ಇರಲಿಲ್ಲ ಮೇಡಂ. ನಮ್ಮಲ್ಲಿ ಮೂವರು ಬರಲಿಲ್ಲ. ಜ್ವರ, ಮದುವೆ ಅಂತ ನೆವ ಹೇಳಿದ್ವಿ. ನಮ್ಮವರ ವಿರುದ್ಧ ಕೈ ಎತ್ತೋ ಧೈರ್ಯ ಇಲ್ಲ, ಒಪ್ಕೊಳ್ತೀನಿ. ಆದ್ರೆ ನಾವಿಲ್ಲ ಅಂದ್ರೆ ನಿಮ್ಮದೇ ಹೆಚ್ಚು ಮತ. ನಿರ್ಣಯ ಬೀಳಿಸ್ತೀರಿ ಅಂದ್ಕೊಂಡಿದ್ವಿ. ನಾವು ಕುರ್ಚಿ ಖಾಲಿ ಬಿಟ್ಟಿದ್ದೇ ನಿಮಗೋಸ್ಕರ. ನೀವು ನಿಮ್ಮದನ್ನೇ ಖಾಲಿ ಮಾಡಿ ಹೋದ್ರಿ!"

ಎದುರು ಸಾಲಿನ ಆ ಮೂರು ಕುರ್ಚಿಗಳನ್ನು ಅವಳು ನೋಡಿದ್ದಳು. ನೋಡಿಯೂ ಲೆಕ್ಕ ಹಾಕಿರಲಿಲ್ಲ. ಹೊರಗೆ ಕ್ಯಾಮೆರಾ ಇದೆಯೆಂದು ಕೂದಲು ಸರಿಮಾಡಿಕೊಂಡಿದ್ದಳು. ಅದು ನೆನಪಾಗಿ ಕಿವಿ ಬಿಸಿಯಾಯಿತು.

"ನಿಮ್ಮದು ಹೇಡಿತನ, ನಮ್ಮದು ಹಮ್ಮು," ಎಂದಳು. "ಸೂಜಿ ಚುಚ್ಚಿಸ್ಕೊಳ್ಳೋದು ಮಾತ್ರ ಇವರು."

ಒಳಗೆ ಬಂದು, ತಮ್ಮನ ಹಾಸಿಗೆಯ ಹಿಂದಿನ ಕೊಳವೆಗಳನ್ನೇ ನೋಡುತ್ತ ಕೂತಳು. ವೈದ್ಯೆ ಬಂದಾಗ, ಯಂತ್ರಕ್ಕೆ ಹೋಗುವ ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಒಬ್ಬೊಬ್ಬರಿಗೂ ಪ್ರತಿ ಸಲ ನೂರು ಲೀಟರಿಗೂ ಮೀರಿ ನೀರು ಬೇಕು, ಕುಡಿಯುವ ನೀರಿಗಿಂತ ಶುದ್ಧವಾಗಿರಬೇಕು, ಅದಕ್ಕೆಂದೇ ಗೋಡೆಯಾಚೆ ಒಂದು ಘಟಕವಿದೆ ಎಂದರು ವೈದ್ಯೆ. ಹೊಸ ಕಟ್ಟಡದಲ್ಲಿ? ನಕ್ಷೆಯಲ್ಲಿ ತಾನಂತೂ ಅದನ್ನು ಕಂಡಿಲ್ಲ ಎಂದರು.

ಸೈಕಲ್ ಅಂಗಡಿಯ ಮೇಲಿನ ಪಕ್ಷದ ಕಚೇರಿಯಲ್ಲಿ ಗುಡುಗು ಬಂದ್‌ಗೆ ದಿನ ಗೊತ್ತುಮಾಡುತ್ತಿದ್ದರು. ಮೇಜಿನ ಮೇಲೆ 'ಸರ್ವಾಧಿಕಾರಕ್ಕೆ ಧಿಕ್ಕಾರ' ಎಂಬ ಫಲಕಗಳು ಒಣಗುತ್ತಿದ್ದವು.

"ಬಂದ್ ಮಾಡಿದ್ರೆ ರೋಗಿಗಳಿಗೆ ಬಸ್ಸೂ ಇರಲ್ಲ," ಎಂದಳು ಅವಳು. "ಸರ್ವಾಧಿಕಾರ ಅಂದ್ರೆ ನಮ್ಮ ಬೀದೀಲಿ ಯಾರೂ ತಿರುಗಿ ನೋಡಲ್ಲ ಸಾರ್. ರೋಗಿ ಎರಡು ಬಸ್ಸು ಹತ್ತಬೇಕು, ಅಲ್ಲಿ ಹೋದ್ರೆ ನೀರಿಲ್ಲ ಅಂದ್ರೆ ನೋಡ್ತಾರೆ. ಮುಂದಿನ ಸಭೇಲಿ ಸ್ಥಳಾಂತರದ ಖರ್ಚು ಮಂಜೂರಾಗಬೇಕು. ಅದು ಬಿದ್ರೆ ಎಲ್ಲ ಬಿದ್ದ ಹಾಗೆ. ಒಳಗೇ ಕೂತು ಬೀಳಿಸೋಣ."

ಗುಡುಗು ಕನ್ನಡಕ ತೆಗೆದರು. ದನಿ ಅನಿರೀಕ್ಷಿತವಾಗಿ ತಗ್ಗಿತು. "ಒಳಗೆ ಕೂತು ನೋಡಿದ್ದೀನಮ್ಮ. ಮೊದಲೆಲ್ಲ ರಾತ್ರಿ ಓದ್ಕೊಂಡು ಹೋಗಿ ಮಾತಾಡ್ತಿದ್ದೆ. ಯಾವ ಪತ್ರಿಕೇಲೂ ಒಂದು ಸಾಲು ಬರಲಿಲ್ಲ. ಒಂದಿನ ಸಿಟ್ಟಲ್ಲಿ ಮೈಕ್ ಕಿತ್ತು ಎದ್ದು ಬಂದೆ, ಮುಖಪುಟ! ಜನರಿಗೆ ಗುಡುಗೇ ಬೇಕು."

"ಜನರಿಗಲ್ಲ, ಕ್ಯಾಮೆರಾದವರಿಗೆ. ಜನರಿಗೆ ಮಳೆ ಬೇಕು ಸಾರ್. ಎದುರು ಸಾಲಿನಲ್ಲಿ ಮೂರು ಕುರ್ಚಿ ಖಾಲಿ ಇದ್ವು. ನೀವು ನೋಡಿದ್ರಾ?"

"ಯಾವ ಕುರ್ಚಿ?"

ಅವಳು ಹೇಳಿದಳು. ಗುಡುಗು, "ಅವಮಾನ ಮಾಡಿದ್ರೂ ಕೂತ್ಕೊಂಡಿರಬೇಕಾ?" ಎಂದು ಗೊಣಗಿ ಎದ್ದುಹೋದರು.

ಖರ್ಚಿನ ವಿಷಯ ಬಂದ ದಿನ ಸಭಾಂಗಣ ತುಂಬಿತ್ತು. ಬೇಕರಿಯವನೂ ಬಂದಿದ್ದ, ಈ ಸಲ ನೆವ ನಡೆದಿರಲಿಲ್ಲ. ಗುಡುಗು ಎದ್ದು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು, "ಬಾಗಿಲು ಎಲ್ಲಿದೆ ಅಂತ ತಮಗೆ ಗೊತ್ತಲ್ಲ. ಕ್ಯಾಮೆರಾದವರು ಕಾಯ್ತಿದ್ದಾರೆ, ಪಾಪ," ಎಂದರು. ಎದುರು ಸಾಲು ಗೊಳ್ಳೆಂದು ನಕ್ಕಿತು.

ಗುಡುಗಿನ ಮುಖ ಕೆಂಪಾಯಿತು. "ಧಿಕ್ಕಾರ!" ಎಂದು ಮೇಜು ಗುದ್ದಿ ಹೊರಟರು. ಹಿಂದೆಯೇ ಉಳಿದವರೂ ಎದ್ದರು. ಅಭ್ಯಾಸಬಲದಿಂದ ಅವಳ ಕಾಲುಗಳೂ ಎದ್ದವು. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಮತ್ತೆ ಕೂತಳು.

"ಏಳಮ್ಮ!" ಎಂದು ಯಾರೋ ಭುಜ ತಟ್ಟಿದರು.

"ನಂದೊಂದು ಪ್ರಶ್ನೆ ಇದೆ," ಎಂದಳು. ಸಿಟ್ಟಿನಿಂದ ದನಿ ನಡುಗುತ್ತಿತ್ತು, ಆದರೆ ಏರಲಿಲ್ಲ. "ಡಯಾಲಿಸಿಸ್‌ಗೆ ಒಬ್ಬರಿಗೆ ನೂರು ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಹೊಸ ಕಟ್ಟಡದಲ್ಲಿ ಆ ನೀರು ಎಲ್ಲಿಂದ ಬರತ್ತೆ ಅಧ್ಯಕ್ಷರೇ?"

ಅಧ್ಯಕ್ಷರು ಆಯುಕ್ತರನ್ನು ನೋಡಿದರು. ಆಯುಕ್ತರು ಎಂಜಿನಿಯರನ್ನು ನೋಡಿದರು. ಎಂಜಿನಿಯರ್ ನಕ್ಷೆ ಬಿಡಿಸಿ, ತಿರುಗಿಸಿ, ಮತ್ತೆ ಮಡಿಚಿದ.

"ಕೊಳವೆಬಾವಿ ಇದೆ..." ಎಂದ.

"ಅದನ್ನ ನೇರ ರಕ್ತದ ಯಂತ್ರಕ್ಕೆ ಬಿಡ್ತೀರಾ?" ಅವಳು ಅಧ್ಯಕ್ಷರನ್ನು ಬಿಟ್ಟು ಬೇಕರಿಯವನನ್ನೇ ದಿಟ್ಟಿಸಿದಳು. "ಯಾರ ಅಮ್ಮನಿಗೆ ಮೊದಲು?"

ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದ ಗುಡುಗು ಹಿಂದಿರುಗಿ ನೋಡಿದರು. ಇಷ್ಟು ವರ್ಷ ಗುಡುಗಿದರೂ ಆ ಸಭಾಂಗಣ ಹೀಗೆ ಬಾಯಿ ಕಟ್ಟಿ ಕೂತದ್ದನ್ನು ಅವರು ಕಂಡಿರಲಿಲ್ಲ. ಆಮೇಲೆ ಬಂದು, ಕುರ್ಚಿ ಎಳೆದು, ಅವಳ ಪಕ್ಕ ಸದ್ದಿಲ್ಲದೆ ಕೂತರು. ಒಬ್ಬೊಬ್ಬರಾಗಿ ಉಳಿದ ಕುರ್ಚಿಗಳೂ ತುಂಬಿದವು.

"ಖರ್ಚಿನ ಪರವಾಗಿರುವವರು ಕೈ ಎತ್ತಿ," ಎಂದರು ಅಧ್ಯಕ್ಷರು, ಗಂಟಲು ಸರಿಮಾಡಿಕೊಂಡು.

ಬೇಕರಿಯವನ ಎರಡೂ ಕೈಗಳು ಮೇಜಿನ ಕೆಳಗೇ ಇದ್ದವು. ಅವನ ಪಕ್ಕ, ಅವತ್ತು ಜ್ವರದ ನೆವ ಹೇಳಿದ್ದವನು, ಅರ್ಧ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಅವನಾಚೆ, ಮದುವೆಯ ನೆವ ಹೇಳಿದ್ದವನು, ನೆಲ ನೋಡಿದ.

ಹೊರಗೆ ಕ್ಯಾಮೆರಾದವರು ಬಾಗಿಲಿಗೇ ಗುರಿಯಿಟ್ಟು ನಿಂತಿದ್ದರು. ಬಾಗಿಲು ತೆರೆಯಲೇ ಇಲ್ಲ.