ನಾವೆಷ್ಟು ಬಡವರಾಗಿದ್ದೆವು

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನನ್ನ ತಮ್ಮ ಯೋಗೀಶ ಆ ಕೋಪವನ್ನು ಬೇರೆಯವರ ದವಡೆಗೆ ತಿರುಗಿಸಿ ಬಾಕ್ಸಿಂಗಿನಲ್ಲಿ ದೇಶಕ್ಕೇ ಚಾಂಪಿಯನ್ ಆದ. ಸಂತೋಷ. ಈಗ ತಿಪಟೂರಿನಿಂದ ಎಲೆಕ್ಷನ್ನಿಗೆ ನಿಂತಿದ್ದಾನೆ. ಅದೂ ಆಗಲಿ. ಆದರೆ ಅವನ ಪರ ಭಾಷಣ ಮಾಡುವ ಹಾಲಸ್ವಾಮಿ ಊರಿಂದೂರಿಗೆ ನಮ್ಮನ್ನು ಇನ್ನಷ್ಟು ಬಡವರನ್ನಾಗಿ ಮಾಡುತ್ತಾ ಹೋಗುವುದನ್ನು ಕೇಳಿ ಕೇಳಿ ನನಗೂ ಅವ್ವನಿಗೂ ತಲೆ ಚಿಟ್ಟು ಹಿಡಿದಿದೆ.

ಅರಳಗುಪ್ಪೆಯ ಭಾಷಣದಲ್ಲಿ ನಾವು ದಿನಕ್ಕೆ ಎರಡು ಹೊತ್ತು ಉಂಡೆವು. ಹೊನ್ನವಳ್ಳಿಗೆ ಬರುವಷ್ಟರಲ್ಲಿ ಒಂದೇ ಹೊತ್ತು. ಮೊನ್ನೆ ಇನ್ನೊಂದು ಊರಿನಲ್ಲಿ ಹೊಟ್ಟೆಗೆ ತಣ್ಣೀರು ಬಟ್ಟೆ! ನಾನು ತಡೆದು ಕೇಳಿದ್ದಕ್ಕೆ, "ಅಕ್ಕಾವ್ರೇ, ಹೊಟ್ಟೆ ತುಂಬಿದೋರಿಗೆ ಯಾರ್ರೀ ಓಟ್ ಹಾಕ್ತಾರೆ?" ಎಂದು ನನಗೇ ಪಾಠ ಹೇಳಿದ.

ಅಪ್ಪ ತೀರಿಕೊಂಡ ಮೇಲೆ ಅವ್ವ ಕಂಡವರ ತೋಟದಲ್ಲಿ ಕಾಯಿ ಸುಲಿದಳು, ನಿಜ. ಅಂಗೈ ಬಿರಿದಿತ್ತು, ಸೂರು ಸೋರುತ್ತಿತ್ತು, ಅದೂ ನಿಜ. ಹಸಿವು ಮಾತ್ರ ಇರಲಿಲ್ಲ. ನಮ್ಮ ಯೋಗೀಶ ಮಹಾರಾಯ ಕೂತರೆ ನಾಲ್ಕು ಮುದ್ದೆ ಇಳಿಸುತ್ತಿದ್ದ. ಮೊದಲ ಪಂದ್ಯಕ್ಕೆ ಹೋದಾಗ ತೂಕ ಒಂದೂವರೆ ಕೆಜಿ ಹೆಚ್ಚಾಯಿತೆಂದು ರಿಂಗಿಗೇ ಬಿಡದೆ ವಾಪಸ್ ಕಳಿಸಿದ್ದರು. ಹಸಿದವನ ಲಕ್ಷಣವೇ ಇದು?

ಮಗ ಗೆಲ್ಲುವುದು ಬಿಡುವುದು ಅವ್ವನಿಗೆ ಬೇಕಿರಲಿಲ್ಲ. ಅವಳು ಕೇಳಿದ್ದು ಒಂದೇ.

"ಆವಯ್ಯ ಏನಾರ ಹೇಳ್ಕಳ್ಳಿ ಬುಡು. ನೀನು ಒಂದ್ ಸಲ ಮೈಕ್‌ನಾಗೆ, ನಮ್ಮವ್ವ ನನ್ನ ಯಾವತ್ತೂ ಹಸ್ಕಂಡು ಮಲಗಿಸ್ಲಿಲ್ಲ ಅನ್ನು. ಅಷ್ಟ್ ಸಾಕು ಕಣಪ್ಪ."

"ತಿಪಟೂರ್ ಸಭೇಲಿ ಹೇಳ್ತೀನಿ ಬುಡವ್ವ," ಅಂದ.

ನಿನ್ನೆ ಸಭೆ. ಅವ್ವ ಮದುವೆಮನೆಗೆ ಉಡುವ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಳು. ಯೋಗೀಶ ಮಾತು ಶುರು ಮಾಡಿದ. ರಸ್ತೆ, ಬೋರ್‌ವೆಲ್, ಕೊಬ್ಬರಿ ರೇಟು. ಜನ ಆಕಳಿಸಿದರು. ಹಾಲಸ್ವಾಮಿ ಎದ್ದು ಬಂದು ಅವನ ಕಿವಿಯಲ್ಲಿ ಏನೋ ಉಸುರಿದ. ತಮ್ಮ ಒಮ್ಮೆ ಅವ್ವನ ಕಡೆ ನೋಡಿ, ಕಣ್ಣು ತಪ್ಪಿಸಿದ.

"ನಮ್ಮವ್ವ ಒಲೆ ಮೇಲೆ ಬರೀ ನೀರಿಟ್ಟು, ಅಡುಗೆ ಆಯ್ತಾ ಅದೆ, ಮಲಕ್ಕಳಿ ಮಕ್ಳೇ ಅಂತಿದ್ಲು..."

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿದುಹೋಯಿತು.

ವೇದಿಕೆ ಇಳಿದವನೇ ಫೋಟೋದವರನ್ನು ಹತ್ತಿರ ಕರೆದು, ಅವ್ವನ ಕಾಲು ಮುಟ್ಟಲು ಬಗ್ಗಿದ. ಅವ್ವ ಎರಡೂ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

"ಬರೀ ನೀರ್ ಕಾಯ್ಸಿದ್ ಅವ್ವ ಯಾವಳೋ, ಅವಳನ್ನ ಹುಡುಕ್ಕಂಡ್ ಹೋಗಿ ಅವಳ ಕಾಲಿಗ್ ಬೀಳಪ್ಪ."