ಗಾದೆಮ್ಮನ ಕಡೆಯವರು

"ಹಗ್ಗ ಸಡ್ಲ ಮಾಡಲೇ, ಗಾದೆಮ್ಮಗ ಬಿಗಿಯಾಗ್ತೈತಿ!" ಚಟ್ಟ ಕಟ್ಟುತ್ತಿದ್ದ ಗಂಗಪ್ಪನ ಕೈಮೇಲೆ ಮಾರೆಮ್ಮ ಒಂದು ಕೊಟ್ಟಳು.

"ಸತ್ತಾಕಿಗೆ ಏನು ಬಿಗಿ?"

"ಎದ್ದು ಬೈದ್ಲಂದ್ರ ಗೊತ್ತಾಗ್ತೈತಿ ನಿನಗ."

ಸುತ್ತ ಕುಳಿತವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಕೊಟ್ಟೂರಿನ ನಿರಾಶ್ರಿತರ ಛತ್ರದ ಹಿರಿಯಳು ಗಾದೆಮ್ಮ ನಸುಕಿನಲ್ಲಿ ನಿದ್ದೆಯಲ್ಲೇ ತೀರಿಹೋಗಿದ್ದಳು. ಮನೆಯಿಲ್ಲದವರ ಸರ್ವೆ ಮಾಡುವ ಕಲ್ಯಾಣಮ್ಮ ಸುದ್ದಿ ಕೇಳಿದವಳೇ ಕೂಡ್ಲಿಗಿಯಿಂದ ಬಸ್ಸು ಹತ್ತಿ ಬಂದಿದ್ದಳು.

ಬಾಗಿಲಲ್ಲಿ ಪಟ್ಟಣ ಪಂಚಾಯಿತಿಯ ಓಬಣ್ಣ ಅಡ್ಡ ನಿಂತಿದ್ದ. "ಚಟ್ಟ ಬಿಚ್ಚಿಸ್ರಿ ಮೇಡಂ. ವಾರಸುದಾರರು ಇಲ್ಲದ ಹೆಣ ನಮ್ಮ ಗಾಡ್ಯಾಗ ಹೋಗಬೇಕು. ಸಂಬಂಧಿಕರು ಯಾರೂ ಇಲ್ಲ ಅಂತ ನಿಮ್ಮ ಸರ್ವೇದಾಗೇ ಐತಲ್ರಿ."

ಹಾಗೆ ಬರೆದವಳು ಕಲ್ಯಾಣಮ್ಮನೇ.

*

ನಾಲ್ಕು ವರ್ಷದ ಹಿಂದೆ ಅವಳು ಮೊದಲ ಸಲ ಬಂದಾಗ, ಕೇಳಿದವರೆಲ್ಲ ಒಂದೇ ಉತ್ತರ ಕೊಟ್ಟಿದ್ದರು: "ಎಲ್ಲಾ ಚಲೋ ಐತ್ರಿ." ಬಂದ ಅತಿಥಿಯ ಮುಂದೆ ಕೊರತೆ ಹೇಳಬಾರದೆಂದು ಗಾದೆಮ್ಮನ ಅಪ್ಪಣೆಯಾಗಿತ್ತು. ಹೀಗೇ ಬರೆದುಕೊಂಡು ಹೋದರೆ ಛತ್ರಕ್ಕೆ ಏನೂ ಬೇಡವೆಂದೇ ಅರ್ಥವಾಗುತ್ತದೆ ಎಂದು ಕಲ್ಯಾಣಮ್ಮನಿಗೆ ಹೊಳೆಯಿತು. ಪ್ರಶ್ನೆ ಬದಲಿಸಿದಳು.

"ಅಜ್ಜಿ, ನಾಳೆ ನಿನ್ನ ತಂಗಿ ಬಂದ್ರ ಇಲ್ಲೇ ಇರಿಸ್ಕೊಂತೀಯಾ?"

"ಇಲ್ಲೇ? ಮರ್ಯಾದಿ ಬ್ಯಾಡೇನು?" ಗಾದೆಮ್ಮ ಸಿಡಿದೆದ್ದಳು. "ಹೆಣ್ಮಕ್ಳು ಮೈ ತೊಳ್ಕಳಾಕ ಮರೆ ಇಲ್ಲ. ಬಾಗಿಲಿಗೆ ಚಿಲಕ ಇಲ್ಲ. ಮಾಡು ಸೋರ್ತೈತಿ!"

ಉಳಿದವರ ಬಾಯಿಯೂ ಬಿಚ್ಚಿತು. ಆ ವರ್ಷವೇ ಬಚ್ಚಲು ಬಂತು, ಚಿಲಕ ಬಂತು.

ಕೊನೆಗೆ ಸಂಬಂಧಿಕರ ಮಾತು ಬಂದಾಗ ಗಾದೆಮ್ಮ ಕಣ್ಣು ಮಿಟುಕಿಸಿದ್ದಳು. "ಯಾರೂ ಇಲ್ಲ ಅಂತ ಬರಿ ತಾಯಿ. ಅದಾರ ಅಂದ್ರ ಹೊರಗ ಹಾಕ್ತಾರ."

*

"ಅದು ಹಳೇ ಉತ್ತರ ಓಬಣ್ಣ," ಎಂದಳು ಕಲ್ಯಾಣಮ್ಮ. "ಇನ್ನೊಮ್ಮೆ ಕೇಳೋಣ." ಅಂಗಳದ ಕಡೆ ತಿರುಗಿ ಕೂಗಿದಳು: "ಗಾದೆಮ್ಮನ ಕಡೇರು ಯಾರ್ಯಾರ್ರಿ?"

"ನಾನು ಮಗಳು," ಎಂದು ಎದ್ದು ನಿಂತಳು ದ್ಯಾಮಕ್ಕ. ಈಗ ಹಂಪಸಾಗರದಲ್ಲಿ ಮನೆ ಮಾಡಿರುವ ಅವಳು ಒಂದು ಕಾಲಕ್ಕೆ ಈ ಛತ್ರದಲ್ಲೇ ಹೆತ್ತವಳು. "ನನ್ನ ಬಾಣಂತನ ಮಾಡ್ಯಾಳ."

"ನಾನು ತಂಗಿ," ಎಂದಳು ಛತ್ರದಲ್ಲಿ ಪಕ್ಕದ ಚಾಪೆಯಲ್ಲಿ ಮಲಗುವ ಮಾರೆಮ್ಮ.

"ನಾನು ಅಳಿಯ," ಎಂದ ಗಂಗಪ್ಪ.

"ಹೋಗಲೇ, ನಿನಗ್ಯಾರು ಹೆಣ್ಣು ಕೊಟ್ರು?" ಮಾರೆಮ್ಮ ಗದರಿದಳು.

"ಹೆಣ್ಣು ಕೊಡ್ಲಿಲ್ಲ. ಬೈಗಳ ಮಾತ್ರ ಅಳಿಯಗ ಕೊಟ್ಟಂಗ ಕೊಟ್ಟಾಳ!"

ಓಬಣ್ಣನಿಗೂ ನಗು ತಡೆಯಲಾಗಲಿಲ್ಲ. "ಒಂದು ಹೆಸರು ಸಾಕ್ರಪ್ಪ, ರುಜು ಹಾಕೋರ್ದು."

ಜನರನ್ನು ಕೇಳುವುದಷ್ಟೇ ಕೆಲಸವಾಗಿದ್ದ ಕಲ್ಯಾಣಮ್ಮ ಮುಂದೆ ಬಂದಳು. "ನನ್ನ ಹೆಸರು ಬರ್ಕೋ. ಮೊಮ್ಮಗಳು." ಓಬಣ್ಣನ ಕೈಯ ಕಾಗದ ಎಳೆದುಕೊಂಡು ರುಜು ಹಾಕಿದಳು.

ಹಲಗೆ ಬಾರಿಸುತ್ತ, ಚುರುಮುರಿ ಎರಚುತ್ತ ಗಾದೆಮ್ಮನನ್ನು ಊರ ತುಂಬ ಮೆರೆಸಿಯೇ ಮಣ್ಣು ಕೊಟ್ಟರು.

ಮಧ್ಯಾಹ್ನ ಎಲ್ಲರೂ ಸ್ನಾನ ಮಾಡಿ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದರು. ಓಣಿಯವರು ಅನ್ನ, ಸಾರು ತಂದು ಬಡಿಸುತ್ತಿದ್ದರು. ರೈಲಿಳಿದು ಬಂದ ಹೆಂಗಸೊಬ್ಬಳು ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು ಹೊತ್ತು ಬಾಗಿಲಲ್ಲಿ ಹಿಂಜರಿದಳು.

"ಯವ್ವಾ, ಮನಿ ಇಲ್ದೋರ ಛತ್ರ ಎಲ್ಲೈತ್ರಿ? ಇಲ್ಲಿ ಅಂದ್ರು. ಇದು ಯಾರ್ದೋ ಮನಿ ಇದ್ದಂಗೈತಿ..."

ಮಾರೆಮ್ಮ ಎಲೆ ಎಳೆದುಕೊಂಡು ಗಂಗಪ್ಪನ ಕಡೆ ಸರಿದಳು. ಗಂಗಪ್ಪ ದ್ಯಾಮಕ್ಕನ ಕಡೆ, ದ್ಯಾಮಕ್ಕ ಕಲ್ಯಾಣಮ್ಮನ ಕಡೆ. ಪಂಕ್ತಿಗೆ ಪಂಕ್ತಿಯೇ ಗೋಡೆಯವರೆಗೂ ಸರಿದು, ಬಾಗಿಲ ಬಳಿ ಇಬ್ಬರು ಕೂರುವಷ್ಟು ಜಾಗ ತೆರೆದುಕೊಂಡಿತು.