ನಾಳೆ ಎಂಬ ಕರೆಯೋಲೆ

ನಮ್ಮಕ್ಕನ ಮಗಳು ಗುಬ್ಬಿಗೆ ಮೊದಲ ಕನ್ನಡಕ ಬಂದದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಅದಾಗಿ ಐದೇ ತಿಂಗಳಿಗೆ ಮದುವೆ ನಿಶ್ಚಯವಾಯಿತು. ಎರಡಕ್ಕೂ ಕಾರಣ ಒಬ್ಬನೇ ಮನುಷ್ಯ.

ಗುಬ್ಬಿ ಎಂಬುದು ಮನೆಯಲ್ಲಿ ಇಟ್ಟ ಅಡ್ಡಹೆಸರು. ಸಣ್ಣ ಆಳು, ಒಂದು ಕಡೆ ಕಾಲೂರಿ ನಿಲ್ಲುವವಳಲ್ಲ. ಸೈಕಲ್ಲಿನಲ್ಲಿ ಊರಿಗೆಲ್ಲ ಅಂಚೆ ಹಂಚುವುದು ಅವಳ ಕೆಲಸ. ಪುರಸಭೆಯವರು ಮನೆಗಳಿಗೆ ಹೊಸ ಸಂಖ್ಯೆ ಬರೆಸಿದ ಮೇಲೆ ಅವಳ ಕಷ್ಟ ಶುರುವಾಯಿತು. ಗೇಟಿನಿಂದ ನೋಡಿದರೆ ಬಾಗಿಲ ಮೇಲಿನ ಮೂರೂ ಎಂಟೂ ಅವಳಿಗೆ ಒಂದೇ ಥರ. ಹಲ್ಲಿನ ಡಾಕ್ಟರ ಕಾಗದ ಬಡಗಿಯ ಮನೆಗೆ ಹೋಗುತ್ತಿತ್ತು, ಬಡಗಿಯದು ಡಾಕ್ಟರ ಮನೆಗೆ. ಕೊನೆಗೆ ಅವರಿಬ್ಬರೂ ಜೊತೆಯಾಗಿ ಅಂಚೆ ಕಚೇರಿಗೆ ಬಂದು ನಿಂತರು. ಪೋಸ್ಟ್ ಮಾಸ್ಟರು ಗುಬ್ಬಿಯನ್ನು ಅವತ್ತೇ ಕನ್ನಡಕದಂಗಡಿಗೆ ಅಟ್ಟಿದರು.

ಅಂಗಡಿಯವನು ನಮ್ಮೂರಿಗೆ ಹೊಸಬ. ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಅವನ ಕಣ್ಣಿಗೂ ಕನ್ನಡಕ. ಮಾತು ಕಡಿಮೆ. ಕನ್ನಡಕ ಹಾಕಿಸಿ, "ಹೊರಗೆ ನಿಂತು ದೂರ ನೋಡಿ" ಎಂದ. ಊರಿನ ಹಿಂದೆ ಒಂದು ಗುಡ್ಡವಿದೆ. ವಸಂತದಲ್ಲಿ ಅದರ ತುಂಬ ಕಾಡುಹೂವು ಅರಳುತ್ತದೆ, ಹಳದಿ, ನೇರಳೆ, ನಡುನಡುವೆ ಕೆಂಪು. ಗುಬ್ಬಿಗೆ ಅದು ಇಷ್ಟು ವರ್ಷವೂ ಯಾರೋ ಚೆಲ್ಲಿ ಒರೆಸದೆ ಬಿಟ್ಟ ಬಣ್ಣದಂತೆ ಕಂಡಿತ್ತು.

"ಅಯ್ಯೋ, ಎಲ್ಲಾ ಬಿಡಿಬಿಡಿಯಾಗಿ ಇವೆ!" ಎಂದು ಕೂಗಿದವಳೇ ಸೈಕಲ್ ಬಿಟ್ಟು ಗುಡ್ಡದ ಕಡೆ ಓಡಿದಳು. ಅವನು ಅಂಗಡಿಗೆ ಬೀಗ ಜಡಿದು, ಅವಳ ಸೈಕಲ್ಲನ್ನು ತಳ್ಳಿಕೊಂಡು ಹಿಂದೆಯೇ ಹೋದ. ಗುಡ್ಡದ ಮೇಲೆ ಅವನ ಕಣ್ಣಿಂದ ನೀರು ಇಳಿಯುತ್ತಿತ್ತಂತೆ. ಹೂವು ನೋಡಿ ಕಣ್ಣೀರು ಹಾಕುವ ಗಂಡಸನ್ನು ಅವಳು ಅದೇ ಮೊದಲು ಕಂಡದ್ದು. ಅಲ್ಲಿಗೆ ಅವಳ ಕಥೆ ಮುಗಿಯಿತು.

ಹಾಗಾಗಿ ಮುಂದಿನ ವಸಂತದ ಮದುವೆ ಎಲ್ಲಿ ಎಂಬ ಪ್ರಶ್ನೆಯೇ ಏಳಲಿಲ್ಲ. ಎದ್ದದ್ದು ನಮ್ಮಕ್ಕನಿಗೆ ಮಾತ್ರ.

"ಊರಲ್ಲಿ ಅಷ್ಟು ದೊಡ್ಡ ಮದುವೆ ಹಾಲ್ ಇದೆ. ಫ್ಯಾನ್ ಇದೆ, ಸೂರಿದೆ, ಕೈ ತೊಳೆಯೋಕೆ ನಲ್ಲಿ ಇದೆ" ಎಂದಳು ಅಕ್ಕ.

"ಹೂವಿಲ್ವಲ್ಲಮ್ಮಾ" ಎಂದಳು ಗುಬ್ಬಿ.

"ತಂದು ಇಟ್ರಾಯ್ತು."

"ಗುಡ್ಡ ತಂದು ಇಡ್ತೀಯಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಮಕ್ಕಳಿಲ್ಲದ ನನಗೆ ಗುಬ್ಬಿ ಹೇಳಿದ್ದೇ ಸರಿ ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದ ವಿಷಯ.

ನಿಜವಾದ ಪೇಚಾಟ ತಾರೀಖಿನದು. ಆ ಹೂವು ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ತುಂಬಿ ನಿಲ್ಲುವುದು ನಾಲ್ಕೈದು ದಿನ ಮಾತ್ರ. ಆಮೇಲೆ ಬಿಸಿಗಾಳಿ ಎದ್ದು ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. "ತಾರೀಖಿಲ್ಲದ ಮದುವೆಗೆ ಜನ ಹೇಗೆ ಬರ್ತಾರೆ? ವಾಸನೆ ಹಿಡ್ಕೊಂಡಾ?" ಎಂದು ಅಕ್ಕ ತಲೆ ಮೇಲೆ ಕೈ ಹೊತ್ತಳು.

ಆಗ ಉಪಾಯ ಹೊಳೆದದ್ದು ನನಗೆ. ನನ್ನದು ಮುದ್ರಣಾಲಯ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆಯ ಯಂತ್ರ, ಅದರ ಪಕ್ಕದಲ್ಲಿ ನಾನು, ಹೀಗೆ ಇಪ್ಪತ್ತಾರು ವರ್ಷ. ನಾನು ಹೇಳಿದೆ: ಎರಡು ಕಾರ್ಡು ಮಾಡೋಣ. ಮೊದಲನೆಯದರಲ್ಲಿ, "ಗುಡ್ಡದ ಮೇಲೆ, ಹೂವು ತುಂಬಿದ ದಿನ, ಬೆಳಿಗ್ಗೆ ಹತ್ತಕ್ಕೆ. ಹಿಂದಿನ ದಿನ ತಿಳಿಸುತ್ತೇವೆ." ಎರಡನೆಯದರಲ್ಲಿ ಒಂದೇ ಮಾತು, ನನ್ನ ಹತ್ತಿರ ಇರುವ ಅತಿ ದೊಡ್ಡ ಮೊಳೆಯಲ್ಲಿ: ನಾಳೆ!

ಗುಬ್ಬಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಅಕ್ಕ ಕೂಡ ನಕ್ಕಳು. ಇಷ್ಟು ಜನರಲ್ಲಿ, ದಿನಾ ಅಂಚೆ ಹಂಚುವವಳೂ ಸೇರಿ, ಅದರ ಎಡವಟ್ಟು ಒಬ್ಬರಿಗೂ ಹೊಳೆಯಲಿಲ್ಲ ಎಂದರೆ ನಮ್ಮ ತಲೆಗಳು ಆಗ ಎಲ್ಲಿದ್ದವೋ!

ಕರಡಚ್ಚು ನೋಡಲು ನಮ್ಮ ಅಳಿಯನಾಗಲಿದ್ದ ಕನ್ನಡಕದಂಗಡಿಯವನು ಮುದ್ರಣಾಲಯಕ್ಕೆ ಬಂದ. ಗುಡ್ಡದಲ್ಲಿ ಆಗಲೇ ನಾಲ್ಕಾರು ಹೂವು ತಲೆ ಎತ್ತಿದ್ದವು. ಬೆಂಚು ಎಲ್ಲಿ ಹಾಕಬೇಕೆಂದು ಗುಬ್ಬಿಯ ಜೊತೆ ಅಳೆದು ನೇರ ನನ್ನಲ್ಲಿಗೆ ಬಂದಿದ್ದ. ಕಣ್ಣು ಕೆಂಡದಂತಾಗಿತ್ತು, ಮೂಗು ಅದಕ್ಕಿಂತ ಕೆಂಪು. ಕಾಗದ ಕೈಗೆ ತೆಗೆದುಕೊಂಡವನೇ "ಆಕ್ಷೀ!" ಎಂದು ಸೀನಿದ ರಭಸಕ್ಕೆ ಮೇಜಿನ ಮೇಲಿನ ಕಾಗದವೆಲ್ಲ ಹಾರಿತು.

"ಚಿಕ್ಕಮ್ಮಾ, ಒಂದು ವಿಷಯ. ಗುಬ್ಬಿಗೆ ಹೇಳ್ಬಾರ್ದು."

ನಾನು ಕೈಯಲ್ಲಿದ್ದ ಮೊಳೆ ಕೆಳಗಿಟ್ಟೆ. ಇವನಿಗೆ ಬೇರೆ ಊರಲ್ಲಿ ಇನ್ನೊಂದು ಸಂಸಾರ ಇದೆಯೋ ಏನೋ!

"ನಂಗೆ ಹೂವು ಆಗಲ್ಲ" ಎಂದ.

"ಆಗಲ್ಲ ಅಂದ್ರೆ?"

"ಹತ್ರ ಹೋದ್ರೆ ಸೀನು, ಕಣ್ಣಲ್ಲಿ ನೀರು. ಮೊದಲನೇ ದಿನ ಗುಡ್ಡದ ಮೇಲೆ ಅವಳು, 'ನಿಮಗೂ ಇಷ್ಟು ಚೆನ್ನಾಗಿ ಕಾಣ್ಸುತ್ತಾ?' ಅಂತ ಕೇಳಿದ್ಲು. ಹೌದು ಅಂದ್ಬಿಟ್ಟೆ. ಅವತ್ತಿಂದ ಅಳ್ತಾನೇ ಇದೀನಿ."

ನಾನು ಮೊಳೆಪೆಟ್ಟಿಗೆ ಹಿಡಿದುಕೊಂಡು ನಕ್ಕೆ. ಪಾಪ, ಅವನು ನಗಲಿಲ್ಲ.

"ಮಾತ್ರೆ ಇಲ್ವಾ?"

"ಇದೆ. ನುಂಗಿದ್ರೆ ಸೀನು ನಿಲ್ಲುತ್ತೆ, ನಾನು ನಿದ್ದೆಗೆ ಬೀಳ್ತೀನಿ."

"ನಿದ್ದೆ ಮಾಡೋ ಗಂಡಿಗಿಂತ ಸೀನೋ ಗಂಡೇ ವಾಸಿ ಕಣಪ್ಪಾ" ಎಂದೆ. ಗುಟ್ಟು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅಕ್ಕನ ಎದುರು ತುಟಿ ಬಿಗಿ ಹಿಡಿದು ಕೂತ ಆ ಮೂರು ವಾರ ನನಗೆ ಹೊಟ್ಟೆನೋವೇ ಬಂದಿತ್ತು.

ಅಷ್ಟರಲ್ಲಿ ಮೊದಲ ಕಾರ್ಡು ಎಲ್ಲರಿಗೂ ಹೋಗಿ ಆಗಿತ್ತು. ಒಂದು ಬುಧವಾರ ಬೆಳಿಗ್ಗೆ ಗುಬ್ಬಿಯ ಸೈಕಲ್ಲು ಬ್ರೇಕ್ ಹಾಕದೆ ಮುದ್ರಣಾಲಯದ ಒಳಗೇ ನುಗ್ಗಿತು.

"ಚಿಕ್ಕಮ್ಮಾ! ಬಿಟ್ಟಿವೆ! ಇಡೀ ಗುಡ್ಡ! ಕಾರ್ಡು ಕೊಡು, ಕಾರ್ಡು!"

ಹೊರಗೂರಿನ ಕಾರ್ಡುಗಳನ್ನು ಅಂಚೆಯ ಮೂಟೆಗೆ ಹಾಕಿ, ಊರಿನವನ್ನು ತಾನೇ ಚೀಲದಲ್ಲಿ ತುಂಬಿಕೊಂಡು ಹೊರಟಳು. ಆವತ್ತಿನ ಅಂಚೆಯ ಜೊತೆಗೆ ತನ್ನ ಮದುವೆಯನ್ನೂ ಹಂಚಿದಳು. ಹಲ್ಲಿನ ಡಾಕ್ಟರು, ಬಾಯಿ ತೆರೆದು ಮಲಗಿದ್ದ ರೋಗಿಯನ್ನು ಹಾಗೇ ಬಿಟ್ಟು ಹೊರಗೆ ಬಂದು ಕೈ ಕುಲುಕಿದರಂತೆ. ಬಡಗಿ ಮಧ್ಯಾಹ್ನವೇ ನಲವತ್ತು ಬೆಂಚು ಗುಡ್ಡಕ್ಕೆ ಸಾಗಿಸಿದ. ನಮ್ಮ ಭಾವನದು ಬೇಕರಿ. ಮಾತಿಲ್ಲದ ಆ ಮನುಷ್ಯ ಹಿಟ್ಟು ನಾದುತ್ತ ಗುನುಗುತ್ತಿದ್ದುದನ್ನು ಅಕ್ಕ ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಮೊದಲ ಸಲ ಕೇಳಿದಳು.

ಮರುದಿನ ಹತ್ತು ಗಂಟೆಗೆ ಗುಡ್ಡದ ಮೇಲೆ ಊರಿಗೆ ಊರೇ ಇತ್ತು. ಮೊಣಕಾಲುದ್ದ ಹೂವು, ನಡೆದರೆ ಬಟ್ಟೆಗೆಲ್ಲ ಹಳದಿ ಪುಡಿ. ನೋಂದಣಿ ಅಧಿಕಾರಿ ದಪ್ಪನೆಯ ಪುಸ್ತಕ ತೆರೆದು, ಹಾಳೆ ಹಾರದಂತೆ ಎರಡು ಕಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲ ಸರಿಯಿತ್ತು. ಗಂಡಿನ ಕಡೆಯ ಬೆಂಚುಗಳು ಮಾತ್ರ ಖಾಲಿ.

ಅಳಿಯ ಊರಲ್ಲಿದ್ದ ತನ್ನ ಅಜ್ಜಿಗೆ ಫೋನು ಹಚ್ಚಿದ. ಅಜ್ಜಿಯ ದನಿ ನಮಗೆಲ್ಲ ಕೇಳುವಷ್ಟು ಜೋರು.

"ಕಾರ್ಡು ಈಗ ತಾನೇ ಬಂತು ಕಣೋ! ನಾಳೆ ಅಂತ ಇದೆ. ಬಸ್ಸು ಮಾಡ್ತಿದೀವಿ. ನಾಳೆ ಹತ್ತಕ್ಕೆ ಅಲ್ಲಿರ್ತೀವಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾಲ್ಕು ಗಂಟೆಯ ದಾರಿ. ಈಗ ಹೊರಟರೂ ಸಮಯಕ್ಕೆ ಮುಟ್ಟುವುದಿಲ್ಲ. ಅಧಿಕಾರಿ ಮಧ್ಯಾಹ್ನಕ್ಕೆ ಹೊರಡಬೇಕು, ನಾಳೆಯೂ ಬಿಡುವಿಲ್ಲ. "ತಾರೀಖು ಹಾಕ್ಬೇಕಿತ್ತು ಕಣೇ, ತಾರೀಖು!" ಎಂದು ಅಕ್ಕ ಬೆಂಚಿನ ಮೇಲೆ ಕುಸಿದಳು.

ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

"ಇವತ್ತೂ ಆಗ್ಲಿ, ನಾಳೆನೂ ಆಗ್ಲಿ. ಹೂವಂತೂ ನಾಳೆನೂ ಇರುತ್ತೆ."

ಅಧಿಕಾರಿ ಎದ್ದು ನಿಂತು ಗಂಡನ್ನು ಕೇಳಿದರು: "ಇವರನ್ನು ಹೆಂಡತಿಯಾಗಿ ಸ್ವೀಕರಿಸಲು ನಿಮಗೆ ಒಪ್ಪಿಗೆಯೇ?"

"ಒಪ್... ಆಕ್ಷೀ!"

"ಏನಂದ್ರಿ?"

"ಒಪ್ಪಿ... ಆಕ್ಷೀ! ಆಕ್ಷೀ!" ಒಂದರ ಹಿಂದೆ ಒಂದು ಏಳು ಸೀನು. ಮುಂದಿನ ಬೆಂಚಿನವರು ಎಣಿಸಿದರು.

"ಇದನ್ನ ಒಪ್ಪಿಗೆ ಅಂತ ಬರ್ಕೊಳ್ಳೋದು ಹೇಗಪ್ಪಾ?" ಎಂದರು ಅಧಿಕಾರಿ.

ಗುಬ್ಬಿ ಅವನ ಕನ್ನಡಕ ತೆಗೆದು ಕಣ್ಣನ್ನೇ ನೋಡಿದಳು. "ನೀವು ಅಳ್ತಿಲ್ಲ."

"ಇಲ್ಲ."

"ಒಂದು ವರ್ಷದಿಂದ ಒಂದ್ಸಲನೂ ಅತ್ತಿಲ್ವಾ?"

"ಒಂದೆರಡು ಸಲ ನಿಜವಾಗ್ಲೂ ಅತ್ತಿದೀನಿ."

"ಮೊದಲೇ ಹೇಳಿದ್ರೆ ನಾನು ಆ ಹಾಲ್‌ನಲ್ಲೇ ಮದುವೆ ಮಾಡ್ಕೊತಿದ್ದೆ!"

"ಅದಕ್ಕೇ ಹೇಳ್ಲಿಲ್ಲ" ಎಂದ ಅವನು.

ಗುಬ್ಬಿ ಹೂವಿನ ನಡುವೆ ಕೂತೇಬಿಟ್ಟಳು. ನಕ್ಕು ನಕ್ಕು ಅವಳ ಕಣ್ಣಲ್ಲೂ ನೀರು ಬಂತು. ಅವನು ಎರಡು ಸೀನಿನ ನಡುವೆ ಸಿಕ್ಕ ಬಿಡುವಿನಲ್ಲಿ ಗಂಟಲು ಕಿತ್ತುಹೋಗುವಂತೆ "ಒಪ್ಪಿಗೆ!" ಎಂದು ಕೂಗಿದ. ಅವಳು ಕೂತಲ್ಲಿಂದಲೇ ಇನ್ನೂ ಜೋರಾಗಿ ಕೂಗಿದಳು. ಅಧಿಕಾರಿ ಬರೆದುಕೊಂಡರು. ಭಾವ ಕೇಕು ಕೊಯ್ದರು. ಅರ್ಧವನ್ನು ನಾಳೆಗೆಂದು ಎತ್ತಿಡಲು ಹೋದ ಅಕ್ಕನ ಕೈಯಿಂದ ಜನ ಅದನ್ನೂ ಕಸಿದು ತಿಂದರು.

ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಬಸ್ಸು ಬಂತು, ನಲವತ್ತೆಂಟು ಜನ, ಮುಂದಿನ ಸೀಟಿನಲ್ಲಿ ಅಜ್ಜಿ. ನಮ್ಮೂರಿನವರೂ ಕರೆಯದೆಯೇ ಮತ್ತೆ ಗುಡ್ಡ ಹತ್ತಿದ್ದರು. ಭಾವ ಹೊಸ ಕೇಕು ತಂದಿದ್ದರು. ಹೆಂಡತಿಯ ಅಪ್ಪಣೆಯಂತೆ ಅಳಿಯ ಅವತ್ತು ಮಾತ್ರೆ ನುಂಗಿದ್ದ. ಪ್ರಶ್ನೆ ಕೇಳಲು ಅಧಿಕಾರಿ ಇರಲಿಲ್ಲ. ಯಾರು ಕೇಳುವುದೆಂದು ನಾವು ಮುಖ ಮುಖ ನೋಡುತ್ತಿರುವಾಗ ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಹಾಲ್ ಬೇಕೆಂದು ಹಟ ಹಿಡಿದಿದ್ದ ಅದೇ ಅಕ್ಕ, ಅಧಿಕಾರಿಯ ಗತ್ತಿನಲ್ಲೇ, ಒಂದು ಅಕ್ಷರ ಬಿಡದೆ ಕೇಳಿದಳು.

"ಒಪ್ಪಿಗೆ" ಎಂದ ಅಳಿಯ, ಸ್ಪಷ್ಟವಾಗಿ, ಒಂದೂ ಸೀನಿಲ್ಲದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಬೆಂಚಿನ ಮೇಲೆ ಕೂತ, ಗುಬ್ಬಿಯ ಭುಜಕ್ಕೆ ಒರಗಿದ, ಗೊರಕೆ ಹೊಡೆಯತೊಡಗಿದ.

ಅಜ್ಜಿ ಕಿವಿಯ ಹಿಂದೆ ಅಂಗೈ ಹಿಡಿದು ಅಕ್ಕನನ್ನು ಕೇಳಿದರು. "ಏನಂದ ಇವನು? ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ಸಮ್ಮಾ."

ಗುಬ್ಬಿ ಅವನ ಕೆನ್ನೆ ತಟ್ಟಿದಳು. ಅವನು ಕಣ್ಣು ಅರ್ಧ ತೆರೆದ. ಯಾರು ಏನು ಕೇಳುತ್ತಿದ್ದಾರೆಂದು ತಿಳಿಯುವ ಸ್ಥಿತಿಯಲ್ಲೇ ಇರಲಿಲ್ಲ. ಆದರೂ ಅಜ್ಜಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ "ಒಪ್ಪಿಗೆ" ಎಂದು, ಮತ್ತೆ ಅವಳ ಭುಜಕ್ಕೇ ಬಿದ್ದ.

"ಹಾಂ, ಈಗ ಸರಿ" ಎಂದು ಅಜ್ಜಿ ಕೇಕಿನ ತಟ್ಟೆಗೆ ಕೈ ಚಾಚಿದರು.